ಹುಲ್ಡಾಳ ಕಿವಿಗೆ ಬೀಳದ ಬಂದೂಕು

ಎಪ್ಪತ್ತು ತುಂಬಿದ ವಾರವೇ ಟಿಲ್ಲಿಗೆ ಹೊಸ ಬಂದೂಕು ಕೊಳ್ಳುವ ಹಟ ಹುಟ್ಟಿತು. ಮನೆಯಲ್ಲಿ ಬಂದೂಕಿಗೇನು ಬರವಿರಲಿಲ್ಲ. ಅಪ್ಪನ ಕಾಲದ ಉದ್ದ ನಳಿಗೆಯ ರೈಫಲ್ಲು ಅಡುಗೆಮನೆಯ ಗೋಡೆಗೇ ತೂಗುತ್ತಿತ್ತು. ಅದನ್ನು ಹಾರಿಸಿದರೆ ಕಾಡುಹಂದಿಯೇನೋ ಬೀಳುತ್ತಿತ್ತು, ಜೊತೆಗೆ ಟೆಕ್ಸಸ್ಸಿನ ಆ ಗುಡ್ಡಸೀಮೆಯ ಅರ್ಧ ಜನಕ್ಕೆ ಎಚ್ಚರವೂ ಆಗುತ್ತಿತ್ತು. ಉಳಿದವರು ಎದ್ದರೆ ಟಿಲ್ಲಿಗೆ ಬೇಸರವಿರಲಿಲ್ಲ. ಬೇಲಿಯಾಚೆ ಒಬ್ಬಳು ಏಳುತ್ತಿದ್ದಳಲ್ಲ, ತಲೆನೋವು ಅವಳದು.

ಅವಳು ಹುಲ್ಡಾ, ಟಿಲ್ಲಿಯ ಒಡಹುಟ್ಟಿದ ಅಕ್ಕ, ನಾಲ್ಕು ವರ್ಷಕ್ಕೆ ದೊಡ್ಡವಳು. ಅಪ್ಪ ಸಾಯುವ ಮುಂಚೆ ಹೊಲದ ನಡುವೆ ತಂತಿಬೇಲಿ ಹಾಕಿಸಿ ಆಚೆ ಕಡೆ ಒಬ್ಬಳಿಗೆ, ಈಚೆ ಕಡೆ ಒಬ್ಬಳಿಗೆ ಎಂದು ಹಂಚಿದ್ದ. ಹಂದಿಗಳಿಗೆ ಬೇಲಿ ಲೆಕ್ಕಕ್ಕಿಲ್ಲವೆಂದು ಗೊತ್ತಿದ್ದ ಮುದುಕ ಅದಕ್ಕೂ ಒಂದು ಕಟ್ಟಳೆ ಮಾಡಿಟ್ಟಿದ್ದ: ಯಾರೇ ಹೊಡೆಯಲಿ, ಗುಂಡಿನ ಸದ್ದು ಇನ್ನೊಬ್ಬಳಿಗೆ ಕೇಳಿಸಿತೆಂದರೆ ಅರ್ಧ ಮಾಂಸ ಅವಳದು. ಗಂಡಂದಿರನ್ನು ಮಣ್ಣು ಮಾಡಿ ಇಬ್ಬರೂ ಒಂಟಿಯಾದ ಮೇಲೂ ಆ ಮಾತು ಒಂದಕ್ಷರ ಆಚೀಚೆ ಆಗದೆ ನಡೆದುಬಂದಿತ್ತು.

ಅರ್ಧ ಮಾಂಸ ಹೋದರೆ ಹೋಗಲಿ, ಟಿಲ್ಲಿ ಅಷ್ಟು ಜಿಪುಣಿಯಲ್ಲ. ಆದರೆ ಮಾಂಸದ ಹಿಂದೆ ಹುಲ್ಡಾ ಬರುತ್ತಿದ್ದಳು. ಗುಂಡು ಹಾರಿದ ಇಪ್ಪತ್ತು ನಿಮಿಷಕ್ಕೆ ಅವಳ ಪಿಕಪ್ ಗಾಡಿ ಅಂಗಳದಲ್ಲಿ. ಚಾಕು ಅವಳದೇ, ತಪ್ಪಲೆ ಅವಳದೇ, ಏಪ್ರನ್ನೂ ಅವಳದೇ. "ಹಾಗಲ್ಲ ಕಣೇ ಕೊಯ್ಯೋದು, ಸರಿ ಆಚೆ" ಎಂದು ತಂಗಿಯನ್ನು ಅವಳ ಅಡುಗೆಮನೆಯಲ್ಲೇ ಮೂಲೆಗೆ ತಳ್ಳಿ, ಸಾಸೇಜಿಗೆ ಮಸಾಲೆ ತಾನೇ ಬೆರೆಸಿ, ಕರುಳಿಗೆ ತಾನೇ ತುಂಬುತ್ತಿದ್ದಳು. ಜನವರಿಯ ಕೊನೆಗೆ ಚರ್ಚಿನ ಸಾಸೇಜ್ ಊಟದಲ್ಲಿ ಎಲ್ಲರೂ ಬೆರಳು ನೆಕ್ಕಿ "ಹುಲ್ಡಾ ಕೈ ಅಂದ್ರೆ ಕೈ" ಅನ್ನುವರು. ಹಂದಿ ಹೊಡೆದವಳು ಟಿಲ್ಲಿ ಎಂಬುದು ಒಬ್ಬರ ನಾಲಗೆಗೂ ಬರುತ್ತಿರಲಿಲ್ಲ. ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ಆ ಮೇಜಿನ ಮೇಲೆ ತನ್ನದೇ ಸಾಸೇಜ್ ಇಡಬೇಕೆಂದು ಟಿಲ್ಲಿಯ ಜೀವ ತುಡಿಯುತ್ತಿತ್ತು.

ಅಪ್ಪ ಹೇಳಿದ್ದು ಕೇಳಿಸಿದರೆ ಅಂತ ತಾನೆ? ಕೇಳಿಸದಿದ್ದರೆ? ಇಷ್ಟು ಸರಳ ವಿಷಯ ಎಪ್ಪತ್ತು ವರ್ಷ ಹೊಳೆಯದೆ ಹೋಯಿತಲ್ಲ ಎಂದು ಟಿಲ್ಲಿ ತಲೆ ಚಚ್ಚಿಕೊಂಡು, ಹೊಲಿಗೆಯ ಟೇಪನ್ನು ಕೈಚೀಲಕ್ಕೆ ಹಾಕಿ ಪೇಟೆಗೆ ಹೊರಟಳು.

ಡೆಲ್ಮರ್ ರೌಶನ ಬಂದೂಕಿನಂಗಡಿಯಲ್ಲಿ ಕಾಫಿ ಪಾತ್ರೆಯ ಸುತ್ತ ಸದಾ ನಾಲ್ಕು ಮುದುಕರು. ಏನೂ ಕೊಳ್ಳದಿದ್ದರೂ ಎಲ್ಲರ ವ್ಯಾಪಾರಕ್ಕೂ ಸಲಹೆ ಕೊಡುವ ಜಾತಿ. ಟಿಲ್ಲಿ ನೇರ ಕೌಂಟರಿಗೆ ಹೋದಳು.

"ಡೆಲ್ಮರ್, ಸದ್ದು ಮಾಡದ ಬಂದೂಕು ಬೇಕು."

"ಯಾರನ್ನ ಹೊಡೀಬೇಕು ಟಿಲ್ಲಕ್ಕ?"

"ಹಂದೀನ ಕಣೋ! ನಿನ್ನ ಬಾಯಿಗೆ ಬೀಗ ಹಾಕ."

"ಸೈಲೆನ್ಸರ್ ಹಾಕಿದ್ರೂ ಬರೀ ಅದರಿಂದ ಆಗಲ್ಲ" ಎಂದ ಡೆಲ್ಮರ್. "ಗುಂಡು ಶಬ್ದಕ್ಕಿಂತ ಜೋರಾಗಿ ಓಡಿದ್ರೆ ಗಾಳೀನೇ ಚಟ್ ಅಂತ ಸಿಡಿಯತ್ತೆ. ಅದನ್ನ ಯಾವ ಸೈಲೆನ್ಸರ್ರೂ ತಡೆಯಲ್ಲ. ನಿಮಗೆ ಬೇಕಾಗಿರೋದು ಭಾರದ ಗುಂಡು, ನಿಧಾನಕ್ಕೆ ಹೋಗೋದು. ಅದಾದ್ರೆ ತೀರಾ ಹತ್ತಿರದಿಂದ ಹೊಡೀಬೇಕು. ಐವತ್ತು ಹೆಜ್ಜೆ ಆಚೆ ಹೋದ್ರೆ ಗುಂಡು ನೆಲ ನೋಡತ್ತೆ."

"ನಂಗೂ ಹಂಗೇ ಆಗತ್ತೆ" ಎಂದ ಮುದುಕರಲ್ಲೊಬ್ಬ. ಉಳಿದವರು ಕಾಫಿ ಚೆಲ್ಲಿಕೊಂಡು ನಕ್ಕರು.

ಟಿಲ್ಲಿ ಟೇಪ್ ಬಿಚ್ಚಿದಳು. ಮೊಣಕಾಲು ಹಿಡಿದುಕೊಂಡ ಮೇಲೆ ಅವಳ ಬೇಟೆಯೆಲ್ಲ ಪಿಕಪ್ಪಿನ ಕಿಟಕಿಯಿಂದಲೇ. ಸೀಟಿನಿಂದ ಕಿಟಕಿಯ ಅಂಚಿಗೆ ಎಷ್ಟಿದೆ, ಸ್ಟಿಯರಿಂಗಿಗೆ ತಾಗದೆ ಎಷ್ಟು ತಿರುಗಬಹುದು ಎಂದು ಮನೆಯಲ್ಲೇ ಅಳೆದು ಟೇಪಿಗೆ ಕೆಂಪು ದಾರ ಕಟ್ಟಿ ತಂದಿದ್ದಳು. ಅಪ್ಪನ ರೈಫಲ್ಲಿನ ತುದಿಗೆ ಗೇಣುದ್ದದ ಸೈಲೆನ್ಸರ್ ಸಿಕ್ಕಿಸಿದರೆ ಪಕ್ಕದ ಸೀಟಿನ ಬಾಗಿಲು ತೆಗೆದಿಟ್ಟೇ ಓಡಾಡಬೇಕಾಗುತ್ತಿತ್ತು. ಅದಕ್ಕೇ ಬಂದೂಕು ಮೋಟಾಗಿರಬೇಕಿತ್ತು.

ಡೆಲ್ಮರ್ ಮೂರು ತೆಗೆದಿಟ್ಟ. ಮೂರಕ್ಕೂ ಅಂಗಡಿಯ ಸೈಲೆನ್ಸರನ್ನೇ ಸರದಿಯಂತೆ ಸಿಕ್ಕಿಸಿ ಹಿತ್ತಲಲ್ಲಿ ಮಣ್ಣಿನ ದಿಬ್ಬಕ್ಕೆ ಹೊಡೆದ. ಟಿಲ್ಲಿ ದೂರ ನಿಂತು ಕಣ್ಣು ಮುಚ್ಚಿ ಆಲಿಸಿದಳು. ಮೊದಲನೆಯದು ಪುಟ್ಟದು, ಹಗುರ, ಸೀನಿದಷ್ಟೂ ಸದ್ದಿಲ್ಲ.

"ಇದೇ ಇರಲಿ."

"ಅಯ್ಯೋ, ಇದು ಮೊಲಕ್ಕೆ ಸರಿ. ಹಂದಿಗೆ ಹೊಡೆದ್ರೆ ಅದು ನಿಮ್ಮನ್ನ ಹುಡುಕ್ಕೊಂಡು ಬರತ್ತೆ, ಯಾಕಮ್ಮಾ ಕಚಗುಳಿ ಇಟ್ಟೆ ಅಂತ."

ಎರಡನೆಯದು ತನ್ನಷ್ಟಕ್ಕೆ ತಾನೇ ಗುಂಡು ತುಂಬಿಕೊಳ್ಳುವ ಜಾಣ ಬಂದೂಕು. ಗುಂಡಿನ ಸದ್ದು ಕಡಿಮೆಯೇ, ಆದರೆ ಅದರ ಬೆನ್ನಿಗೇ ಬಂದೂಕಿನ ಹೊಟ್ಟೆಯೊಳಗೆ ಕಬ್ಬಿಣ ಕಟಕ್ ಎಂದಿತು. ಟಿಲ್ಲಿ ಕಣ್ಣು ಬಿಟ್ಟಳು.

"ಇದು ಕಪಾಟಿನ ಬಾಗಿಲು ಬಡಿದ ಹಾಗಿದೆ. ಆಗಲ್ಲ."

"ಕಪಾಟಿನ ಬಾಗಿಲು ಅರ್ಧ ಮೈಲಿಗೆ ಯಾರಿಗೆ ಕೇಳತ್ತೆ ಟಿಲ್ಲಕ್ಕ?"

"ಹುಲ್ಡಾಗೆ ಕೇಳತ್ತೆ. ನಾನು ಬಿಸ್ಕತ್ ಡಬ್ಬ ತೆಗೆದ್ರೆ ಅವಳು ಫೋನ್ ಮಾಡ್ತಾಳೆ, ಸಕ್ಕರೆ ಕಾಯಿಲೆ ಇದೆ ಜೋಪಾನ ಅಂತ."

ಮುದುಕರ ಗುಂಪಿಗೆ ಈಗ ವಿಷಯ ಪೂರಾ ಅರ್ಥವಾಯಿತು. ಯಾರೂ ನಗಲಿಲ್ಲ, ಒಬ್ಬ ಎದ್ದು ಮರ್ಯಾದೆಗೆ ಟೋಪಿ ತೆಗೆದ.

ಮೂರನೆಯದು ಮೋಟು ನಳಿಗೆಯ ರೈಫಲ್ಲು. ಪ್ರತಿ ಗುಂಡಿಗೂ ಪಕ್ಕದ ಹಿಡಿಯನ್ನು, ಅಂದರೆ ಬೋಲ್ಟನ್ನು, ಕೈಯಲ್ಲೇ ಎಳೆಯಬೇಕು, ಎಳೆಯುವ ತನಕ ಬಂದೂಕು ಮಿಸುಕುವುದೇ ಇಲ್ಲ. ಫುಟ್ ಎಂದು ಒಂದು ಉಸಿರು, ಆಮೇಲೆ ದಿಬ್ಬದಲ್ಲಿ ಮಣ್ಣು ಕುಸಿದ ಸದ್ದು, ಅಷ್ಟೇ. ಟಿಲ್ಲಿ ಅದನ್ನು ಭುಜಕ್ಕಿಟ್ಟು, ಕೆನ್ನೆ ಒರಗಿಸಿ, ಸೈಲೆನ್ಸರ್ ಸಮೇತ ಟೇಪ್ ಹಿಡಿದು ಅಳೆದಳು. ಕೆಂಪು ದಾರಕ್ಕಿಂತ ಎರಡು ಬೆರಳು ಕಡಿಮೆ. ಮದುವೆಗೆ ಗಂಡು ಒಪ್ಪಿದಾಗಲೂ ಇಷ್ಟು ಖುಷಿಯಾಗಿರಲಿಲ್ಲ ಅವಳಿಗೆ.

ರೈಫಲ್ಲು ಅಂದೇ ಮನೆಗೆ ಬಂತು, ಸೈಲೆನ್ಸರ್ ಬರಲಿಲ್ಲ. ಅದಕ್ಕೆ ಸರ್ಕಾರದ ಅಪ್ಪಣೆ ಬೇಕು. ಫೋಟೋ, ಹತ್ತು ಬೆರಳಿನ ಗುರುತು, ಅರ್ಜಿ, ಅರ್ಜಿಯದೊಂದು ಪ್ರತಿ ಊರಿನ ಪೊಲೀಸ್ ಮುಖ್ಯಸ್ಥ ಶೆರಿಫನ ಕಚೇರಿಗೆ. ಅಪ್ಪಣೆ ಬರುವ ತನಕ ಹಣ ಕೊಟ್ಟು ಕೊಂಡ ಮಾಲು ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲೇ ಕೂತಿರಬೇಕು. ಅಂಗಡಿಯವರು ಅದನ್ನು ಜೈಲು ಅನ್ನುತ್ತಾರೆ. ಟಿಲ್ಲಿ ತಿಂಗಳಿಗೊಮ್ಮೆ ಪೀಚ್ ಹಣ್ಣಿನ ಕಡುಬು ಹಿಡಿದು ಅದನ್ನು ನೋಡಲು ಹೋಗುತ್ತಿದ್ದಳು. ಡೆಲ್ಮರ್ ಪೆಟ್ಟಿಗೆ ತೆಗೆದು ಅವಳ ಕೈಗಿಡುವನು, ಅವಳು ಎರಡು ನಿಮಿಷ ಸವರಿ ವಾಪಸು ಕೊಡುವಳು.

"ಊಟ ಸರಿ ಮಾಡ್ತಿದೆಯೇನೋ ಇದು?"

"ನಿಮ್ಮ ಕಡುಬೆಲ್ಲ ಇದೇ ತಿನ್ನೋದು" ಎಂದು ಡೆಲ್ಮರ್ ಬಾಯಿ ಒರೆಸಿಕೊಳ್ಳುವನು.

ಹತ್ತು ತಿಂಗಳಾದ ಮೇಲೆ, ನವೆಂಬರಿನಲ್ಲಿ ಅದಕ್ಕೆ ಬಿಡುಗಡೆಯಾಯಿತು. ಹಂದಿಗಳು ಮಾತ್ರ ಹಠಮಾರಿಗಳು. ಡಿಸೆಂಬರಿನಲ್ಲಿ ಒಂದು ದಿನ ಎಂಬತ್ತು ಹೆಜ್ಜೆ ದೂರದಲ್ಲಿ ಒಂದು ನಿಂತಿತ್ತು. ಅಪ್ಪನ ರೈಫಲ್ಲಿನ ಅಭ್ಯಾಸದಲ್ಲಿ ಟಿಲ್ಲಿ ನೇರ ಗುರಿಯಿಟ್ಟು ಹೊಡೆದಳು. ಗುಂಡು ಹಂದಿಯನ್ನು ಮುಟ್ಟುವ ಮುಂಚೆಯೇ ನೆಲ ಹೊಕ್ಕಿತು. ಸದ್ದಿಲ್ಲದ್ದರಿಂದ ಹಂದಿ ಓಡಲೂ ಇಲ್ಲ. ಎದ್ದ ಧೂಳನ್ನು ಮೂಸಿ ನೋಡಿ, ಕಿಟಕಿಯ ಕಡೆ ಒಮ್ಮೆ ತಿರುಗಿ, ನಿಧಾನವಾಗಿ ಹುಲ್ಡಾಳ ಕಡೆಗೇ ನಡೆದುಹೋಯಿತು. ಟಿಲ್ಲಿಗೆ ಅವಮಾನದಿಂದ ಅಳು ಬಂತು.

ಜನವರಿ ಮೂರನೆಯ ವಾರ, ಹೊತ್ತು ಹುಟ್ಟುವ ಸಮಯ, ಹಳ್ಳದ ದಂಡೆಯಲ್ಲಿ ಕೊನೆಗೂ ಕೈಗೆ ಬಂತು. ಮೂವತ್ತೇ ಹೆಜ್ಜೆ, ಕೊಬ್ಬಿದ ಹೆಣ್ಣುಹಂದಿ. ಫುಟ್. ಮಂಡಿಯೂರಿ ಪ್ರಾರ್ಥನೆಗೆ ಕೂತಂತೆ ಅದು ಅಲ್ಲೇ ಕುಸಿಯಿತು. ಟಿಲ್ಲಿ ಕಿವಿಗೊಟ್ಟಳು. ಬೇಲಿಯಾಚೆ ಗಾಡಿಯ ಸದ್ದಿಲ್ಲ, ಫೋನಿಲ್ಲ, ಏನೂ ಇಲ್ಲ. ಸೀಟಿನಲ್ಲೇ ಕೂತು ಸ್ಟಿಯರಿಂಗ್ ಬಡಿದು ಬಡಿದು ನಕ್ಕಳು.

ನಕ್ಕು ಇಳಿದ ಮೇಲೆ ಗೊತ್ತಾಯಿತು, ಹಂದಿ ಅವಳಿಗಿಂತ ಎರಡು ಪಟ್ಟು ಭಾರ. ಅಷ್ಟೂ ವರ್ಷ ಒಂದು ಕಾಲು ಅವಳು ಎಳೆದರೆ ಇನ್ನೊಂದನ್ನು ಹುಲ್ಡಾ ಎಳೆದಿದ್ದಳು. ಹಗ್ಗ ಕಟ್ಟಿ ಎಳೆದಳು, ಹಲಗೆ ಇಟ್ಟು ಉರುಳಿಸಿದಳು, ಅಪ್ಪನಿಗೂ ಹಂದಿಗೂ ಸೇರಿಸಿ ಬೈದಳು. ಕೊನೆಗೆ ಭಾರ ಇಳಿಯಲೆಂದು ಅಲ್ಲೇ ಹೊಟ್ಟೆ ಸೀಳಿ ಕರುಳೆಲ್ಲ ಹೊರಗೆ ಹಾಕಿದಳು. ಆಗಲೂ ಹಂದಿ ಗಾಡಿ ಹತ್ತಲಿಲ್ಲ. ಬಿಸಿಲೇರಿತು. ಬೆವರೊರೆಸಲು ತಲೆಯೆತ್ತಿದರೆ ಆಕಾಶದ ತುಂಬ ರಣಹದ್ದು.

ಒಂದಲ್ಲ, ಎರಡಲ್ಲ, ಊರಿಗೇ ಕಾಣುವ ಹಾಗೆ ಮೂವತ್ತು ನಲವತ್ತು, ಸರಿಯಾಗಿ ಅವಳ ನೆತ್ತಿಯ ಮೇಲೆ ಸುತ್ತುತ್ತಿದ್ದವು. ಟಿಲ್ಲಿ ಟೋಪಿ ಬೀಸಿ "ಹೋಗ್ರೋ, ಹೋಗ್ರೋ ಹಾಳಾದವ್ರೇ" ಎಂದು ಕೂಗಾಡಿದಳು. ಬಂದೂಕಿನ ಬಾಯಿ ಕಟ್ಟಲು ಹತ್ತು ತಿಂಗಳು ಕಾದವಳಿಗೆ ಹದ್ದಿನ ನೆನಪೇ ಆಗಿರಲಿಲ್ಲ.

ಹುಲ್ಡಾಳ ಪಿಕಪ್ ಎಂದಿನಂತೆ ಬರಲಿಲ್ಲ. ಬೇಲಿಯ ಗೇಟನ್ನೂ ಮುಚ್ಚದೆ, ಕಲ್ಲುಮಣ್ಣಿನ ಮೇಲೆ ಹಾರಿಕೊಂಡು ಬಂತು. ಹುಲ್ಡಾ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯ ಚಪ್ಪಲಿ ಹಾಕಿಕೊಂಡಿದ್ದಳು. ಕೈಯಲ್ಲಿ ಚಾಕು ಇರಲಿಲ್ಲ, ತಪ್ಪಲೆಯೂ ಇರಲಿಲ್ಲ. ತಂಗಿ ನಿಂತಿರುವುದನ್ನು ನೋಡಿ ಗಾಡಿಯ ಬಾಗಿಲು ಹಿಡಿದುಕೊಂಡೇ ಉಸಿರು ಬಿಟ್ಟಳು.

"ನಿಂತಿದ್ದೀಯಾ" ಎಂದಳು.

"ನಿಂತೇ ಇದ್ದೀನಿ. ಇನ್ನೇನಂದ್ಕೊಂಡೆ?"

"ಹದ್ದು ಸುತ್ತೋದು ನೋಡಿದ್ರೆ ಏನಂದ್ಕೊಳ್ಳಲೇ? ನಿಂಗೆ ಬುದ್ಧಿ ಇದೆಯಾ?" ಹುಲ್ಡಾ ಗಾಡಿಯ ಬಾಗಿಲು ದಡಾರನೆ ಮುಚ್ಚಿದಳು. "ಆ ದರಿದ್ರ ಸೈಲೆನ್ಸರ್ ಕೊಂಡ್ಕೊಂಡಿದ್ದು ನಂಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಶೆರಿಫ್ ಆಫೀಸಲ್ಲಿ ಅರ್ಜಿ ಜೋಡಿಸೋ ನೆಲ್ಡಾ ಯಾರ ಜೊತೆ ಡಾಮಿನೋ ಆಡ್ತಾಳೆ? ಫೆಬ್ರವರಿಯಿಂದ ಗೊತ್ತು. ಇಡೀ ಊರಿಗೇ ಗೊತ್ತು."

ಟಿಲ್ಲಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮತ್ತೆ ಯಾಕೆ ಕೇಳಲಿಲ್ಲ ನೀನು?"

"ನೀನೇ ಹೇಳ್ತೀಯ ಅಂತ." ಹುಲ್ಡಾ ಕಣ್ಣೊರೆಸಿಕೊಂಡಳು. "ಮೊದಲೆಲ್ಲ ಗುಂಡಿನ ಸದ್ದು ಕೇಳಿದ್ರೆ, ಹಾಂ, ಎದ್ದಿದ್ದಾಳೆ, ಕೈಕಾಲು ಆಡ್ತಿದೆ ಅಂತ ಕಾಫಿಗಿಡ್ತಿದ್ದೆ. ಎರಡು ತಿಂಗಳಿಂದ ಬೆಳಗಾದ್ರೆ ವರಾಂಡದಲ್ಲಿ ಕಿವಿ ಇಟ್ಕೊಂಡು ಕೂತಿರ್ತೀನಿ. ಹೊಡೆದ್ಯೋ, ಸತ್ತ್ಯೋ, ಒಂದೂ ಗೊತ್ತಾಗಲ್ಲ."

ಟಿಲ್ಲಿ ಕೈ ನೋಡಿಕೊಂಡಳು, ಮೊಣಕೈವರೆಗೂ ರಕ್ತ. ಅಕ್ಕನಿಗೆ ಹೀಗೆ ಮಾಡಬಾರದಿತ್ತು ಅನ್ನಿಸಿತು. ಆದರೂ ಇಷ್ಟು ದೂರ ಬಂದು ಸೋಲಲು ಮನಸ್ಸು ಒಪ್ಪಲಿಲ್ಲ.

"ಅರ್ಧ ಮಾಂಸ ತಗೊಂಡ್ಹೋಗು. ಸಾಸೇಜ್ ಮಾತ್ರ ನಂದು. ನಾನೇ ಮಾಡ್ತೀನಿ. ನೀನು ಬಾಯಿ ಹಾಕಕೂಡ್ದು."

ಹುಲ್ಡಾ ಬಗ್ಗಿ ಹಂದಿಯ ಒಂದು ಕಾಲು ಹಿಡಿದಳು. "ಎಳಿ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಮಾಂಸ ಕೊಚ್ಚಿ ಆಗಿತ್ತು. ಹುಲ್ಡಾ ಟಿಲ್ಲಿಯ ಏಪ್ರನ್ ಒಂದನ್ನು ಕೇಳಿ ಕಟ್ಟಿಕೊಂಡು, ಕರಿಮೆಣಸಿನ ಪುಡಿಯ ಡಬ್ಬ ಹಿಡಿದು ತಪ್ಪಲೆಯ ಮುಂದೆ ನಿಂತಳು.

"ಮೆಣಸು ಎಷ್ಟು ಹಾಕಲಿ?"

ಟಿಲ್ಲಿ ಬಾಯಿ ತೆರೆದಳು. ಗುಂಡಿನ ತೂಕ ಗೊತ್ತಿತ್ತು, ನಳಿಗೆಯ ಉದ್ದ ಗೊತ್ತಿತ್ತು, ಸಾಸೇಜಿಗೆ ಮೆಣಸು ಎಷ್ಟೆಂದು ಗೊತ್ತಿರಲಿಲ್ಲ. ಜನ್ಮದಲ್ಲಿ ಒಮ್ಮೆಯೂ ಯಾರೂ ಕೇಳಿರಲಿಲ್ಲ, ಅವಳೂ ಯೋಚಿಸಿರಲಿಲ್ಲ. ಹುಲ್ಡಾ ಡಬ್ಬದ ಮುಚ್ಚಳ ತೆಗೆದು ಹಿಡಿದಳು.

"ನಾಲ್ಕು ಹಿಡಿ" ಎಂದಳು ಟಿಲ್ಲಿ, ಬಾಯಿಗೆ ಬಂದದ್ದನ್ನು.

ಹುಲ್ಡಾಳ ಹುಬ್ಬು ಒಂಚೂರು ಮೇಲೆ ಹೋಯಿತು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಹಾಕಿ ಕಲೆಸಿದಳು. ರುಚಿ ನೋಡಲೆಂದು ಟಿಲ್ಲಿ ಎರಡು ಉಂಡೆ ತಟ್ಟಿ ಬಾಣಲೆಯಲ್ಲಿ ಕರಿದು, ದೊಡ್ಡದನ್ನು ಅಕ್ಕನ ತಟ್ಟೆಗೆ ಹಾಕಿದಳು.

ಹುಲ್ಡಾ ಕಚ್ಚಿದಳು. ಅವಳ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ದಳದಳ ಇಳಿಯಿತು. ಅಗಿದಳು, ಅಗಿದಳು, ನುಂಗಿದಳು. ನೀರಿನ ಲೋಟಕ್ಕೆ ಕೈ ಹಾಕುವ ಮುಂಚೆ ಹೇಳಿದಳು:

"ಚೆನ್ನಾಗಿದೆ ಕಣೇ. ನಿಂದೇ ರುಚಿ."