ಗಯಾಸ್ ಮಾಮುವಿನ ರಕ್ತ

ಬಚ್ಚಲ ಮೋರಿಯಲ್ಲಿ ಕಪ್ಪು ನೀರು ನಿಂತಿತ್ತು. ನಿಖತ್ ಚೊಂಬು ಹಿಡಿದು ಅದನ್ನೇ ನೋಡಿದಳು.

"ಪಲ್ಪರ್ ನೀರು ಕಣೇ," ಎಂದ ಒಳಗಿನಿಂದ ಅಣ್ಣ ಅಫ್ಜಲ್. "ಪ್ಯಾಂಟು ಜಾಲಿಸಿದೆ."

ಆಲ್ದೂರಿನ ಆ ಮನೆಗೆ ಅದು ಹೊಸದಲ್ಲ. ಅಫ್ಜಲ್ ಎಸ್ಟೇಟುಗಳ ಪಲ್ಪರ್ ರಿಪೇರಿ ಮಾಡುವವನು. ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದಡಿ ಮಲಗೆದ್ದು ಬಂದರೆ, ಕೊಯ್ಲು ಮುಗಿಯುವವರೆಗೂ ಅವನ ಬಟ್ಟೆಯಿಂದ ಕಂದು ನೀರು ಇಳಿಯುತ್ತಲೇ ಇರುತ್ತಿತ್ತು. ಅಮ್ಮ ಕುಬ್ರಾ ನಿನ್ನೆಯೂ ಬೈದುಕೊಂಡೇ ಬಚ್ಚಲು ತೊಳೆದಿದ್ದಳು.

ಆದರೆ ಅವನು ಯಂತ್ರ ಮುಟ್ಟಿ ಐದು ದಿನವಾಗಿತ್ತು. ಮಂಗಳೂರಿನ ದಕ್ಕೆಯಲ್ಲಿ ಎರಡು ತಿಂಗಳು ಬೋಟಿನ ಎಂಜಿನ್ ಕೆಲಸ ಮಾಡಿ ಬಂದವನಿಗೆ ಮಲೇರಿಯಾ ಹಿಡಿದಿತ್ತು. ನಿಖತ್ ತಲೆಯೆತ್ತಿ ಬಟ್ಟೆ ಒಣಹಾಕುವ ಗಳು ನೋಡಿದಳು. ಪ್ಯಾಂಟು ಒಣಗಿ ಹಪ್ಪಳವಾಗಿತ್ತು.

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಅವಳಿಗೆ ಮಾತು ಕಡಿಮೆ. ನೋಡಿದ್ದನ್ನು ಮರೆಯುವುದು ಇನ್ನೂ ಕಡಿಮೆ. ಒಳಗೆ ಹೋಗಿ ಅಣ್ಣನ ಮುಖ ಬೆಳಕಿಗೆ ತಿರುಗಿಸಿದಳು. ಕಣ್ಣು ಅರಿಶಿನವಾಗಿತ್ತು.

"ಮೂತ್ರ ತಾನೆ ಅದು?"

"ಉಷ್ಣ ಕಣೇ. ಅಮ್ಮಿಗೆ ಹೇಳ್ಬೇಡ, ಜೀರಿಗೆ ಕಷಾಯ ಕುಡಿಸಿಯೇ ಸಾಯಿಸ್ತಾಳೆ."

ನಿಖತ್ ನೆಟ್ಟಗೆ ಅಡುಗೆಮನೆಗೆ ಹೋಗಿ ಹೇಳಿದಳು. ಅಕ್ಕಿ ಕೇರುತ್ತಿದ್ದ ಕುಬ್ರಾಳ ಕೈಯಿಂದ ಮೊರ ಜಾರಿತು. ಆ ಮುಖವನ್ನು ನಿಖತ್ ಮೂರು ದಿನದ ಹಿಂದೆ ಒಮ್ಮೆ ಕಂಡಿದ್ದಳು. ಮಾತ್ರೆ ಕೊಡುವಾಗ ನರ್ಸ್ ಮೇಘಶ್ರೀ, "ಇದನ್ನ ನುಂಗಿ ನಿಮ್ಮ ಕಡೆ ಯಾರಿಗಾದ್ರೂ ಮೂತ್ರ ಕಪ್ಪಾಗಿತ್ತಾ?" ಎಂದು ಕೇಳಿದ್ದಳು. ಅವಳ ಮಾತು ಮುಗಿಯುವ ಮೊದಲೇ ಅಮ್ಮಿ "ಇಲ್ಲಮ್ಮ" ಎಂದುಬಿಟ್ಟಿದ್ದಳು. ಅಮ್ಮಿಯ ಕಡೆ ಪ್ರಾಯದಲ್ಲೇ ಸತ್ತವನು ಅವಳ ಅಣ್ಣ ಗಯಾಸ್ ಒಬ್ಬನೇ.

"ಅಮ್ಮೀ, ಗಯಾಸ್ ಮಾಮು ಹೇಗೆ ಸತ್ತದ್ದು?"

"ಕುಡಿದು. ಊರಿಗೇ ಗೊತ್ತು."

"ಊರು ಬಿಡಿ. ನಿಮಗೇನು ಗೊತ್ತು?"

ಕುಬ್ರಾ ಚೆಲ್ಲಿದ ಅಕ್ಕಿ ಬಳಿಯುತ್ತ ಹೇಳಿದಳು. "ಕುದುರೆಮುಖದಲ್ಲಿ ಕೆಲಸಕ್ಕಿದ್ದ. ಚಳಿಜ್ವರಕ್ಕೆ ಮಾತ್ರೆ ನುಂಗಿದ. ನಾಲ್ಕನೇ ದಿನ ಉಚ್ಚೆ ಕಪ್ಪಾಯ್ತು, ಆರನೇ ದಿನ ಅವನೇ ಇಲ್ಲ. ನಾನು, ನನ್ನ ತಂಗಿ ನಿನ್ನ ಖಾಲಾ, ಇಬ್ಬರೂ ಮದುವೆ ವಯಸ್ಸಲ್ಲಿದ್ವಿ. ಇವರ ರಕ್ತವೇ ಕೆಟ್ಟದ್ದು ಅಂತಾರೆ ಅನ್ನೋ ಭಯಕ್ಕೆ, ಅವನು ಕುಡಿದು ಸತ್ತ ಅಂತ ನಮ್ಮಪ್ಪನೇ ಹಬ್ಬಿಸಿದ್ರು." ಆಮೇಲೆ ಮಗಳ ಕೈ ಹಿಡಿದಳು. "ಶುಕ್ರವಾರ ನಿನ್ನ ನೋಡೋಕೆ ಬರ್ತಾರೆ. ಆಸ್ಪತ್ರೆ ಆಯಾ ಜರೀನಾ ಆ ಹುಡುಗನ ಸ್ವಂತ ಚಿಕ್ಕಮ್ಮ. ಅಲ್ಲಿ ಬಾಯಿ ಬಿಡಬೇಡ."

ನಿಖತ್ ಕೈ ಬಿಡಿಸಿಕೊಂಡಳು. ಅಣ್ಣನ ಮೂತ್ರವನ್ನು ಬಾಟಲಿಗೆ ತುಂಬಿಸಿದಳು, ಮಾತ್ರೆಯ ಪಟ್ಟಿಯನ್ನು ದುಪಟ್ಟಾದ ತುದಿಗೆ ಗಂಟು ಹಾಕಿದಳು. ಪಕ್ಕದ ಮನೆಯ ರಾಜೇಶನ ಆಟೋದಲ್ಲಿ ಅಣ್ಣನನ್ನು ಕೂರಿಸಿ ಹೊರಟೇಬಿಟ್ಟಳು.

ಆಸ್ಪತ್ರೆಯಲ್ಲಿ ಸಾಲು ಬಾಗಿಲು ದಾಟಿತ್ತು. ಮಂಡಿನೋವಿನ ಕಲ್ಲಮ್ಮಜ್ಜಿ ಬಾಟಲಿ ನೋಡಿದಳು. "ಏನೇ ಮಾರಾಯ್ತಿ, ಡಾಕ್ಟ್ರಿಗೆ ಡಿಕಾಕ್ಷನ್ ತಂದ್ಯಾ? ಹಾಲು ಯಾರು ತರ್ತಾರೆ?"

ಸಾಲೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ನಿಖತ್ ಅಲ್ಲಿಂದಲೇ ಹಿಂದಿರುಗುತ್ತಿದ್ದಳು. ಈಗ ಮುಂದಕ್ಕೆ ನಡೆದೇ ಹೋದಳು. ಬಾಗಿಲಲ್ಲಿ ಜರೀನಾ ಕೈ ಅಡ್ಡ ಹಿಡಿದು, "ಟೋಕನ್?" ಎಂದಳು. ಆಮೇಲೆ ಗುರುತು ಹಿಡಿದು ನಕ್ಕಳು. "ನೀನಾ! ಏನಮ್ಮ ಅಣ್ಣನಿಗೆ?"

ನಿಖತ್ ಅವಳ ಭುಜದಾಚೆಗೆ ಗಟ್ಟಿಯಾಗಿ ಹೇಳಿದಳು. "ಡಾಕ್ಟ್ರೇ, ಅಣ್ಣನಿಗೆ ಮೂತ್ರ ಕಪ್ಪಾಗಿದೆ. ನಮ್ಮ ಮಾಮು ಹೀಗೇ ಮಾತ್ರೆ ನುಂಗಿ ಸತ್ತದ್ದು. ಮೊನ್ನೆ ಇಲ್ಲ ಅಂದದ್ದು ಸುಳ್ಳು."

ಸಾಲಿನ ನಗು ನಿಂತಿತು. ಜರೀನಾಳ ಕೈ ಇಳಿಯಿತು. ಡಾಕ್ಟರ್ ವಿಶ್ವನಾಥ್ ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿ, ಆ ಮಾತ್ರೆ ನಿಲ್ಲಿಸಿ, ಆಂಬುಲೆನ್ಸ್ ಕರೆಸಿದರು. ಚಿಕ್ಕಮಗಳೂರಿನಲ್ಲಿ ಎರಡು ಬಾಟಲಿ ರಕ್ತ ಏರಿಸಿದ ಮೇಲೆ, ನಾಲ್ಕನೇ ದಿನಕ್ಕೆ ಅಫ್ಜಲ್ ಬಿರಿಯಾನಿ ಕೇಳಿದ.

ನೋಡಲು ಬಂದ ವಿಶ್ವನಾಥ್ ಅವರನ್ನು ಕುಬ್ರಾ ತಲೆ ತಗ್ಗಿಸಿ ಕೇಳಿದಳು. "ನಮ್ಮ ರಕ್ತ ಕೆಟ್ಟದ್ದಾ ಸಾರ್?"

"ಅಲ್ಲಮ್ಮ. ಸಾವಿರಾರು ವರ್ಷ ಈ ಜ್ವರ ಊರೂರೇ ಖಾಲಿ ಮಾಡ್ತಿತ್ತು. ಇಂಥ ರಕ್ತದಲ್ಲಿ ಅದರ ಹುಳಕ್ಕೆ ಚೆನ್ನಾಗಿ ಬೆಳೆಯೋಕೆ ಆಗೋದಿಲ್ಲ. ಅಂಥ ಮಕ್ಕಳು ಒಂದಷ್ಟು ಹೆಚ್ಚು ಬದುಕಿದ್ರು, ಅವರ ಮಕ್ಕಳಿಗೂ ಅದೇ ಬಂತು. ಜ್ವರ ತಡೆದ ರಕ್ತಕ್ಕೆ ಈ ಮಾತ್ರೆ ತಾಳೋಕಾಗಲ್ಲ, ಒಡೆದು ಮೂತ್ರದಲ್ಲಿ ಹೋಗ್ತದೆ, ಅಷ್ಟೇ. ತಾಯಿಯಿಂದ ಗಂಡುಮಕ್ಕಳಿಗೆ ಬರ್ತದೆ."

"ಹಾಗಾದ್ರೆ ನಮ್ಮ ಹಿರಿಯರನ್ನ ಉಳಿಸಿದ್ದೂ ಇದೇನಾ?"

"ಇರಬಹುದಮ್ಮ."

ಶುಕ್ರವಾರ ಯಾರೂ ಬರಲಿಲ್ಲ. ಕುಬ್ರಾ ಬೆಳಿಗ್ಗೆಯಿಂದ ಬಾಗಿಲು ನೋಡಿದಳು, ಮಧ್ಯಾಹ್ನಕ್ಕೆ ಕಳಸದಲ್ಲಿದ್ದ ತಂಗಿಗೆ ಫೋನ್ ಹಚ್ಚಿದಳು. ಆ ತಂಗಿಗೆ ಮೂವರು ಗಂಡುಮಕ್ಕಳು.

"ಮೂವರದ್ದೂ ರಕ್ತ ಪರೀಕ್ಷೆ ಮಾಡಿಸು. ನಾಳೆಯೇ." ಬಾಗಿಲಿಗೆ ಬೆನ್ನು ತಿರುಗಿಸಿ, "ಗಯಾಸ್ ಅಣ್ಣ ಕುಡೀತಿರಲಿಲ್ಲ ಕಣೇ. ನಿನಗೂ ಗೊತ್ತು, ನನಗೂ ಗೊತ್ತು. ಇನ್ನು ಕೇಳಿದವರಿಗೆಲ್ಲ ಹಾಗೇ ಹೇಳು," ಎಂದಳು.

ಆ ಕಡೆಯಿಂದ ಅಳು ಕೇಳಿತು. ಕುಬ್ರಾ ಫೋನನ್ನು ಮಗಳತ್ತ ಚಾಚಿದಳು. "ಆ ಮಾತ್ರೆ ಹೆಸರು ಹೇಳು. ನಿನಗೆ ಓದೋಕೆ ಬರ್ತದಲ್ಲ."

ನಿಖತ್ ದುಪಟ್ಟಾದ ಗಂಟು ಬಿಚ್ಚಿದಳು. ಪಟ್ಟಿಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಕಳಸಕ್ಕೆ ಕೇಳುವಷ್ಟು ಗಟ್ಟಿಯಾಗಿ ಓದಿದಳು.