ಡಯಾಲಿಸಿಸ್ ವಾರ್ಡಿಗೆ ಬಂದ ಡ್ಯೂಕ್

ಮನೋರಮಾ ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಸ್ಟೆನೋ ಆಗಿದ್ದವರು. ಮದುವೆಯಾಗಿ ಮೈಸೂರಿನಿಂದ ಬಂದ ಮೇಲೆ ಊಟದ ಬಿಡುವಿನಲ್ಲಿ ಅವರು ಓದಿದ್ದೆಲ್ಲ ಒಂದೇ ಬಗೆಯ ಪುಸ್ತಕ: ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಪ್ರೇಮಕಥೆಗಳು. ರೀಜೆನ್ಸಿ ಕಾದಂಬರಿಗಳೆಂದು ಅವಕ್ಕೆ ಹೆಸರು. ಡ್ಯೂಕುಗಳು, ಸಾರೋಟುಗಳು, ಮೇಣದ ಬತ್ತಿಯ ಬೆಳಕಿನಲ್ಲಿ ನೃತ್ಯ. ದರಿಯಾಗಂಜಿನ ಭಾನುವಾರದ ಹಳೆಪುಸ್ತಕದ ಸಂತೆಯಲ್ಲಿ ಅವನ್ನು ಚೀಲ ತುಂಬ ಹೊತ್ತು ತರುತ್ತಿದ್ದರು. ಮಗ ರಘುನಂದನ್ ಗೇಲಿ ಮಾಡುತ್ತಲೇ ಬೆಳೆದ. ಈಗ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್.

ಸಕ್ಕರೆ ಕಾಯಿಲೆ ಮನೋರಮಾರ ಕಿಡ್ನಿಯನ್ನಷ್ಟೇ ಅಲ್ಲ, ಕಣ್ಣನ್ನೂ ಕೆಡಿಸಿತು. ದಿನ ಬಿಟ್ಟು ದಿನ ಡಯಾಲಿಸಿಸ್. ಎಡಗೈಗೆ ಸೂಜಿ ಚುಚ್ಚಿದ ಮೇಲೆ ಅಲ್ಲಾಡುವಂತಿಲ್ಲ, ಕಣ್ಣಿಗೆ ಸಣ್ಣಕ್ಷರ ಕಾಣುವುದಿಲ್ಲ.

"ರಘು, ಸುಮ್ಮನೆ ಫೋನ್ ಉಜ್ಜೋ ಬದಲು ನನ್ನ ಪುಸ್ತಕ ಓದಬಾರದೇನೋ?" ಎಂದರು ಒಂದು ದಿನ.

"ಅಮ್ಮ, ಎಲ್ಲರ ಎದುರು ಇದನ್ನ ಓದಲಾ?"

ರಕ್ಷಾಪುಟದಲ್ಲಿ ಅಂಗಿಯ ಗುಂಡಿ ಬಿಚ್ಚಿಕೊಂಡ ಗಂಡಸೊಬ್ಬ ಭುಜ ತೆರೆದ ಹೆಣ್ಣನ್ನು ತಬ್ಬಿ ನಿಂತಿದ್ದ. ರಘು ಅದಕ್ಕೆ ಹಿಂದಿ ಪೇಪರಿನ ಹೊದಿಕೆ ಹಾಕಿ, ತಗ್ಗಿದ ದನಿಯಲ್ಲಿ ಓದಲು ಶುರು ಮಾಡಿದ. ಕಥೆಯಲ್ಲಿ ಒಬ್ಬ ಗರ್ವಿಷ್ಠ ಡ್ಯೂಕ್. ಅವನ ಜಮೀನಿನಲ್ಲೇ ಬಾಳುವ ಬಡ ಪಾದ್ರಿಗೆ ಒಬ್ಬ ಮಗಳು.

ಪಕ್ಕದ ಹಾಸಿಗೆಯಲ್ಲಿ ಹರಿಯಾಣದ ಪಲ್ವಲ್ ಕಡೆಯ ಚೌಧರಿ ಇದ್ದರು. ದೊಡ್ಡ ಮೀಸೆ, ಸಾರಿಗೆ ವ್ಯವಹಾರ ಮಾಡಿ ಬಿಟ್ಟವರು. ಹೆಂಡತಿ ಓಂವತಿ ತಲೆಯ ಮೇಲೆ ಸೆರಗೆಳೆದುಕೊಂಡು ಅವರ ಕಾಲ ಬಳಿ ಸ್ಟೂಲಿನ ಮೇಲೆ ಮಾತಿಲ್ಲದೆ ಕೂರುತ್ತಿದ್ದರು.

"ಬೇಟಾ, ಏನದು ಇಂಗ್ಲಿಷಿನಲ್ಲಿ ಗುಣುಗುಣು? ನಮಗೂ ಹಿಂದಿಯಲ್ಲಿ ಹೇಳು," ಎಂದರು ಚೌಧರಿ.

ರಘು ಕೆಂಪೇರಿದ. ಆದರೂ ಹೇಳಿದ. ಮೊದಲು ಕಥೆಯ ಸಾರವನ್ನಷ್ಟೇ. ಕೆಲವು ವಾರಗಳಲ್ಲಿ ವಾಕ್ಯಕ್ಕೆ ವಾಕ್ಯ. ಡ್ಯೂಕ್ 'ಡ್ಯೂಕ್ ಸಾಹಬ್' ಆದ, ಪಾದ್ರಿಯ ಮಗಳು ಎಲ್ಲರ ಮಗಳಾಗಿ 'ಬಿಟಿಯಾ' ಆದಳು.

"ಇಷ್ಟು ದೊಡ್ಡ ಜಮೀನ್ದಾರ, ಹುಡುಗಿ ಮುಂದೆ ಬಾಯಿ ಯಾಕೆ ಬಿಡಲ್ಲ?" ಚೌಧರಿ ರೇಗುತ್ತಿದ್ದರು.

"ಹೆದರಿಕೆ, ಚೌಧರಿ ಸಾಹಬ್," ಮನೋರಮಾ ಹಿಂದಿಯಲ್ಲೇ ಉತ್ತರಿಸುತ್ತಿದ್ದರು. "ಅವಳು ಇಲ್ಲ ಅಂದುಬಿಟ್ಟರೆ?"

ಒಂದು ಮಧ್ಯಾಹ್ನ ನೃತ್ಯಕೂಟದ ಅಧ್ಯಾಯ ಬಂತು. ಬಿಟಿಯಾಳ ಕೈಯಲ್ಲಿದ್ದ ಲೋಟ ಒಡೆದು ಬೆರಳು ಕೊಯ್ದಿತು. ಡ್ಯೂಕ್ ಅವಳನ್ನು ಕಿಟಕಿಯ ಬಳಿ ಕರೆದೊಯ್ದು, ತನ್ನ ಬಿಳಿ ಕೈಗವಸನ್ನು ಒಂದೊಂದೇ ಬೆರಳಿನಿಂದ ಕಳಚಿ, ಬರಿಗೈಯಲ್ಲಿ ಅವಳ ಕೈ ಹಿಡಿದ. ಅಷ್ಟೇ. ಮುತ್ತಿಲ್ಲ, ಮಾತಿಲ್ಲ.

ರಘು ತಲೆಯೆತ್ತಿದ. ಯಂತ್ರಗಳ ಸದ್ದು ಬಿಟ್ಟರೆ ವಾರ್ಡು ಉಸಿರು ಬಿಗಿಹಿಡಿದಂತಿತ್ತು. ಆ ತುದಿಯ ಹಾಸಿಗೆಯವರೂ ಇತ್ತ ಕತ್ತು ತಿರುಗಿಸಿದ್ದರು. ನರ್ಸ್ ಪ್ರೇರಣಾ ನೀಲಿ ಗ್ಲೌಸ್ ತೊಟ್ಟ ಕೈಗಳನ್ನು ಗಾಳಿಯಲ್ಲೇ ಹಿಡಿದು ಮೈಮರೆತು ನಿಂತಿದ್ದಳು. ಇಲ್ಲಿ ಯಾರನ್ನೂ ಯಾರೂ ಬರಿಗೈಯಿಂದ ಮುಟ್ಟುವುದಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಎಲ್ಲಿಯ ಇಂಗ್ಲೆಂಡು, ಯಾವ ಕಾಲದ ಕೈಗವಸು!

ಮನೆಗೆ ಹೋಗುವಾಗ ಕಾರಿನಲ್ಲಿ ಕೇಳಿದ: "ಅಮ್ಮ, ಕೊನೆಗೆ ಅವರಿಬ್ಬರೂ ಮದುವೆ ಆಗ್ತಾರೆ ಅಂತ ಮೊದಲನೇ ಪುಟದಲ್ಲೇ ಗೊತ್ತಾಗುತ್ತೆ. ಆದರೂ ಯಾಕೆ ಓದ್ತೀಯ?"

"ಗೊತ್ತಿರೋದಕ್ಕೇ ಕಣೋ. ನಮ್ಮದು ಏನಾಗುತ್ತೋ ಅಂತ ದಿನಾ ಹೆದರೋದು ಇದ್ದೇ ಇದೆ. ಅಲ್ಲಿ ಆ ಭಯ ಇಲ್ಲ. ಅದಕ್ಕೇ, ಹೇಗಾಗುತ್ತೆ ಅನ್ನೋದನ್ನ ಕಣ್ತುಂಬ ನೋಡಬಹುದು."

ಕೊನೆಯ ಅಧ್ಯಾಯಗಳು ಉಳಿದಿರುವಾಗ ಚೌಧರಿ ಬರಲಿಲ್ಲ. ಎದೆಯಲ್ಲಿ ನೀರು ತುಂಬಿ ಐಸಿಯುಗೆ ಸೇರಿಸಿದ್ದಾರೆ ಎಂದಳು ಪ್ರೇರಣಾ. ರಘು ಪುಸ್ತಕ ತೆರೆದಾಗ ಮನೋರಮಾ ತಲೆಯಾಡಿಸಿದರು.

"ಮುಚ್ಚಿಡು. ಅವರು ಬರಲಿ."

"ಬರದೇ ಹೋದರೆ?"

"ಮುಚ್ಚಿಡು ಅಂದೆ."

ಯಾವ ಹಾಸಿಗೆಯಿಂದಲೂ ಆಕ್ಷೇಪ ಬರಲಿಲ್ಲ. ಕೇಳುವ ಆಸೆ ಎಲ್ಲರಿಗೂ ಇತ್ತು, ಆದರೂ ಎಲ್ಲರೂ ಕಾದರು. ರಘು ಪ್ರತಿ ಸಲವೂ ಪುಸ್ತಕ ತಂದು, ತೆರೆಯದೆ ವಾಪಸು ಒಯ್ಯುತ್ತಿದ್ದ.

ಚಳಿ ಇಳಿಯುವ ಹೊತ್ತಿಗೆ ಚೌಧರಿ ಗಾಲಿಕುರ್ಚಿಯಲ್ಲಿ ಬಂದರು. ಮೀಸೆ ಬಿಟ್ಟರೆ ಮುಖದಲ್ಲಿ ಏನೂ ಉಳಿದಿರಲಿಲ್ಲ. ಹಾಸಿಗೆಗೆ ಒರಗಿದವರೇ, "ಡ್ಯೂಕ್ ಸಾಹಬ್ ಬಾಯಿ ಬಿಟ್ಟರಾ?" ಎಂದರು.

"ನಿಮಗೇ ಕಾಯ್ತಿದ್ದಾರೆ," ಎಂದರು ಮನೋರಮಾ.

ರಘು ಓದಿದ. ಡ್ಯೂಕ್ ಇಗರ್ಜಿಯ ತೋಟಕ್ಕೆ ನಡೆದೇ ಬಂದಿದ್ದ, ಟೋಪಿ ಕೈಯಲ್ಲಿ. "ನಿಮ್ಮ ತಂದೆಯನ್ನು ಕೇಳಿದರೆ ಅವರು ಇಲ್ಲ ಎನ್ನಲಾರರು, ಅವರ ಮನೆ, ಅನ್ನ ಎಲ್ಲ ನನ್ನ ಕೈಯಲ್ಲಿದೆ. ಅದಕ್ಕೇ ಅವರನ್ನು ಕೇಳಿಲ್ಲ. ನೀವು ಬೇಡವೆಂದರೆ ಬಂದ ದಾರಿಯಲ್ಲೇ ಹೋಗುತ್ತೇನೆ, ಯಾರಿಗೂ ತಿಳಿಯದು. ನನ್ನನ್ನು ಮದುವೆಯಾಗುವಿರಾ?"

ಬಿಟಿಯಾ ಒಪ್ಪಿದಳು. ಆ ತುದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಚೌಧರಿ ಕಣ್ಣೊರೆಸಿಕೊಂಡು, "ಶಾಬಾಶ್," ಎಂದರು.

ಆಗ ಸ್ಟೂಲಿನ ಮೇಲಿದ್ದ ಓಂವತಿ ಮೊದಲ ಬಾರಿಗೆ ಮಾತಾಡಿದರು. ಸೆರಗು ಹಣೆಯಿಂದ ಜಾರಿತ್ತು.

"ಬೇಟಾ, ಅವಳನ್ನೇ ಕೇಳಿದನಾ? ಅಪ್ಪನನ್ನಲ್ಲ?"

"ಅವಳನ್ನೇ, ಮಾತಾಜಿ."

"ಅವಳು ಬೇಡ ಅಂದಿದ್ದರೆ?"

"ಹೊರಟುಹೋಗ್ತಿದ್ದ."

ಚೌಧರಿ ಹೆಂಡತಿಯ ಮುಖವನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು. ಆಕೆ ಯಾರತ್ತಲೂ ನೋಡಲಿಲ್ಲ.

"ಅವನು ಕೇಳಿದ್ದನ್ನ ಇನ್ನೊಂದು ಸಲ ಓದು," ಎಂದರು.

ರಘು ಪುಟ ಹಿಂದಕ್ಕೆ ತಿರುಗಿಸಿ, ಅದೊಂದು ಮಾತನ್ನು ಅವರೊಬ್ಬರಿಗೇ ಎಂಬಂತೆ, ನಿಧಾನವಾಗಿ ಓದಿದ.