ಕೋಪ ಬಂದ ಹದ್ದು

ಪೇಂಟರನಿಗೆ ಮೃಗಾಲಯದ ಗೋಡೆಯ ಮೇಲೆ ರಣಹದ್ದು ಬರೆಯುವ ಕೆಲಸ ಸಿಕ್ಕಿತ್ತು. ಅಂಗಡಿ ಬೋರ್ಡು, ಲಾರಿಯ ಹಿಂಬದಿ ಎಂದು ಬಣ್ಣ ಬಳಿದವನಿಗೆ ಇಷ್ಟು ದೊಡ್ಡ ಗೋಡೆ ಇದೇ ಮೊದಲು. ಹುಮ್ಮಸ್ಸಿನಲ್ಲಿ ಬರೆದು ಮುಗಿಸುವ ಹೊತ್ತಿಗೆ ಅತ್ತೆ ಊಟದ ಡಬ್ಬಿ ತಂದರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು ಅವರು. ತಪ್ಪು ಕಂಡರೆ ತಿದ್ದದೆ ಬಿಡುವ ಪೈಕಿ ಅಲ್ಲ.

"ಅಳಿಯಂದ್ರೇ, ಇದು ಹದ್ದು."

"ಹೌದು ಅತ್ತೆ, ಹದ್ದೇ."

"ಬರೀ ಹದ್ದು. ಅವ್ರು ಕೇಳಿದ್ದು ರಣಹದ್ದು ಅಲ್ವಾ?"

"ಅದಕ್ಕೇ ನೋಡಿ, ಕಣ್ಣು ಕೆಂಪು ಮಾಡಿ ಹುಬ್ಬು ಗಂಟು ಹಾಕ್ಸಿದೀನಿ. ಹದ್ದಿಗೆ ಕೋಪ ಬಂದ್ರೆ ರಣಹದ್ದು ತಾನೇ?"

ಅತ್ತೆ ನಗು ತಡೆಯಲಾರದೆ ಅಟ್ಟಣಿಗೆಯ ಕಂಬ ಹಿಡಿದುಕೊಂಡರು.

"ಅಯ್ಯೋ ದೇವ್ರೇ! ಎರಡರದ್ದೂ ಕುಟುಂಬ ಒಂದೇ, ಗಿಡುಗನ ಕುಟುಂಬ. ಆದ್ರೆ ಕುಲ ಬೇರೆ, ಬದುಕೂ ಬೇರೆ. ಹದ್ದಿಗೆ ಪೇಟೆ ಆದ್ರೂ ಸೈ, ಕಸದ ರಾಶಿ ಆದ್ರೂ ಸೈ. ಬಾಲ ಕವಲು. ರಣಹದ್ದಿಗೆ ತೆರೆದ ಬಯಲು ಬೇಕು, ಗೂಡಿಗೆ ದೊಡ್ಡ ಮರ ಬೇಕು. ಸತ್ತ ದನ ತಿಂದು ಊರು ಚೊಕ್ಕ ಮಾಡುತ್ತೆ. ಕತ್ತು ಹೆಚ್ಚುಕಮ್ಮಿ ಬೋಳು."

ಅಷ್ಟರಲ್ಲಿ ಮೃಗಾಲಯದ ಅಧಿಕಾರಿಣಿ ಬಂದರು. ಗೋಡೆ ನೋಡಿದ್ದೇ ಅವರ ಮುಖ ಗಂಟಾಯಿತು.

"ಇದನ್ನ ಯಾಕ್ರೀ ಬರೆದ್ರಿ? ತಲೆ ಎತ್ತಿದ್ರೆ ಹದ್ದು. ಇದಕ್ಕೇನು ಕಮ್ಮಿ ಆಗಿದೆ? ಅಳಿವಿನ ಅಂಚಲ್ಲಿರೋದು ರಣಹದ್ದು. ದನಗಳಿಗೆ ಕೊಡ್ತಿದ್ದ ನೋವಿನ ಔಷಧಿಯೇ ಅವಕ್ಕೆ ವಿಷ ಆಯ್ತು. ನಾವು ಸಾಕ್ತಿರೋ ಜೋಡಿ ಈ ಗೋಡೆ ಹಿಂದೇನೇ ಇದೆ."

ಅತ್ತೆಯ ದನಿ ಇಳಿಯಿತು. "ಇಲ್ಲೇ ಇದ್ಯಾ? ಇಷ್ಟು ವರ್ಷ ಮಕ್ಕಳಿಗೆ ಪಟ ತೋರ್ಸಿ ಪಾಠ ಮಾಡ್ದೆ, ಕಣ್ಣಾರೆ ನೋಡೇ ಇಲ್ಲ."

ಅಧಿಕಾರಿಣಿಯ ಸಿಟ್ಟು ಅಲ್ಲೇ ಕರಗಿತು. ಇಬ್ಬರನ್ನೂ ಗೋಡೆಯ ಹಿಂದಿದ್ದ ಬಲೆಯ ಪಂಜರದ ಬಳಿ ಕರೆದೊಯ್ದರು. ಕೊರಡಿನ ಮೇಲೆ ಕೂತಿದ್ದ ಹಕ್ಕಿ ಬಿಸಿಲಿಗೆ ಮೈಯೊಡ್ಡಿ ಮೆಲ್ಲಗೆ ರೆಕ್ಕೆ ಬಿಚ್ಚಿತು. ಬಿಚ್ಚುತ್ತಲೇ ಹೋಯಿತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟರು. ಪೇಂಟರ ಪೆನ್ಸಿಲು ತೆಗೆದು ಬರೆದುಕೊಳ್ಳತೊಡಗಿದ.

"ಕತ್ತಿನ ಬುಡದಲ್ಲಿ ಬಿಳಿ ಪುಕ್ಕದ ಪಟ್ಟಿ ಇದೆ, ಮರೀಬೇಡಿ," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

"ಮೇಡಂ, ಹದ್ದನ್ನ ಅಳಿಸೋದು ಬೇಡ," ಎಂದ ಪೇಂಟರ. "ಪಕ್ಕದಲ್ಲೇ ಇದನ್ನ ಬರೀತೀನಿ. ನನ್ನಂಥೋರು ಇನ್ನೂ ಎಷ್ಟು ಜನ ಇದಾರೋ!"

"ಆಗಲಿ. ಆದ್ರೆ ಅದರ ಕೋಪ ಇಳಿಸಿ, ಮಕ್ಕಳು ಹೆದರ್ತಾರೆ."

ಈಗ ಭಾನುವಾರ ಬಂತೆಂದರೆ ಅತ್ತೆ ಆ ಗೋಡೆಯ ಮುಂದೆ ಹಾಜರು. ಬಂದವರಿಗೆಲ್ಲ ಎರಡು ಹಕ್ಕಿಗಳ ಕಥೆ ಹೇಳುತ್ತಾರೆ. ರಣಹದ್ದಿನ ರೆಕ್ಕೆ ಎಷ್ಟುದ್ದ ಎಂದು ಯಾರಾದರೂ ಕೇಳಿದರೆ ಎರಡೂ ತೋಳು ಚಾಚಿ ನಿಲ್ಲುತ್ತಾರೆ. ಅದೂ ಸಾಲದೆ, ಅಳಿಯನನ್ನು ಎಳೆದು ನಿಲ್ಲಿಸಿಕೊಂಡು ಅವನದೂ ಒಂದು ತೋಳು ಸೇರಿಸುತ್ತಾರೆ.